ಕಡೀ ಹಾಳಿ ತರುವ ಕೆಲಸ

ನನಗೊಂದು ಚಟವಿದೆ. ಯಾರು ಯಾವ ಪುಸ್ತಕ ಕೈಗೆ ಕೊಟ್ಟರೂ ಮೊದಲು ಅದರ ಕೊನೆಯ ಹಾಳೆ ತೆರೆದು ನೋಡುತ್ತೇನೆ. ಓದುವುದಿಲ್ಲ. ಇದೆಯೋ ಇಲ್ಲವೋ ಅಂತ ನೋಡುತ್ತೇನೆ, ಅಷ್ಟೆ. ಮೊನ್ನೆ ಕೊಪ್ಪಳದಲ್ಲಿ ಕವಿಯೊಬ್ಬರು ತಮ್ಮ ಹೊಸ ಸಂಕಲನವನ್ನು ಸಹಿ ಮಾಡಿ ಕೊಟ್ಟರು. ನಾನು ಅವರ ಸಹಿಯನ್ನೂ ನೋಡದೆ ಹಿಂದಿನಿಂದ ಪುಸ್ತಕ ತೆರೆದೆ. ನಾನು ಅವರ ಕೊನೆಯ ಕವಿತೆಯ ಅಭಿಮಾನಿ ಎಂದು ತಿಳಿದು ಅವರು ಭಾಳ ಖುಷಿಪಟ್ಟರು. ನನ್ನ ಹೆಂಡತಿಗೆ ಮಾತ್ರ ಈ ಚಟದ ಬಗ್ಗೆ ಗೌರವವಿಲ್ಲ. "ಲಗ್ನಪತ್ರಿಕಿ ಬಂದ್ರೂ ಹಿಂದ ಮುಂದ ತಿರುವಿ ನೋಡತಾರ್ರಿ ಇವ್ರು" ಎಂದು ಬಂದವರ ಮುಂದೆಲ್ಲ ಹೇಳುತ್ತಾಳೆ.

ಇದರ ಮೂಲ ಹುಡುಕಿಕೊಂಡು ಹೋದರೆ ವಿರೂಪಾಕ್ಷಪ್ಪ ಶೆಟ್ಟರ ಅಂಗಡಿಗೆ ಹೋಗಿ ನಿಲ್ಲಬೇಕಾಗುತ್ತದೆ. ಅಂಗಡಿ ಈಗಿಲ್ಲ. ಆ ಜಾಗದಲ್ಲಿ ಮೊಬೈಲ್ ರಿಪೇರಿ ಮಾಡುತ್ತಾರೆ. ನಾನು ಸಣ್ಣವನಿದ್ದಾಗ ಅದು ಕೊಪ್ಪಳದ ಬಜಾರದಲ್ಲಿ ಬಾಡಿಗೆಗೆ ಕಾದಂಬರಿ ಕೊಡುವ ಅಂಗಡಿ. ಕಾದಂಬರಿ ಎಂದರೆ ಹಿರಿಯರು ಮೆಚ್ಚುವಂಥವಲ್ಲ. ಮುಖಪುಟದ ಮೇಲೆ ಪಿಸ್ತೂಲು, ತಲೆಬುರುಡೆ, ಹಡಗು, ಹಡಗಿನ ತುದಿಯಲ್ಲಿ ಸೆರಗು ಹಾರಿಸುತ್ತ ನಿಂತ ಹೆಂಗಸು ಇರುವಂಥವು. ಅಂಗೈ ಅಗಲದ ಪುಸ್ತಕ, ಸುದ್ದಿಪತ್ರಿಕೆಯ ಕಾಗದ, ಓದಿ ಮುಗಿಸುವಷ್ಟರಲ್ಲಿ ಬೆರಳೆಲ್ಲ ಕಪ್ಪಾಗುತ್ತಿದ್ದವು. ಅರವತ್ತು ತುಂಬಿದ ಮೇಲೂ ಇಂಥ ಪುಸ್ತಕ ಕಂಡರೆ ನನ್ನ ಕೈ ತಾನಾಗಿ ಮುಂದೆ ಹೋಗುತ್ತದೆ. ಒಳ್ಳೆಯ ಸಾಹಿತ್ಯವನ್ನೂ ಓದಿದ್ದೇನೆ, ಇಲ್ಲವೆನ್ನುವುದಿಲ್ಲ. ಆದರೆ ಒಳ್ಳೆಯ ಸಾಹಿತ್ಯ ಓದುವಾಗ ನನಗೆ ಒಂದು ದಿನವೂ ಊಟ ಮರೆತಿಲ್ಲ.

ಶೆಟ್ಟರಿಗೊಂದು ತೊಂದರೆಯಿತ್ತು. ಕುಷ್ಟಗಿ, ಯಲಬುರ್ಗಾ ಕಡೆಯ ಜನ ಕೋರ್ಟಿಗೆಂದೋ ಸಂತೆಗೆಂದೋ ಬಂದವರು ಬಸ್ಸಿನಲ್ಲಿ ಓದಲು ಪುಸ್ತಕ ಒಯ್ಯುತ್ತಿದ್ದರು, ತಿರುಗಿ ತರುತ್ತಿರಲಿಲ್ಲ. ಕೇಳಿದರೆ "ನಮ್ಮ ಕಾಕಾ ಓದಾಕತ್ತಾನ್ರಿ" ಎನ್ನುತ್ತಿದ್ದರು. ಕಾಕಾ ಆದ ಮೇಲೆ ಕಾಕಾನ ಅಳಿಯ. ಹೀಗೆ ಪುಸ್ತಕಗಳು ಬೀಗರ ಊರುಗಳಿಗೆಲ್ಲ ಹೋಗಿ ಅಲ್ಲಿಯೇ ಮುದಿಯಾಗುತ್ತಿದ್ದವು. ಶೆಟ್ಟರು ಎರಡು ದಿನ ಯೋಚನೆ ಮಾಡಿದರಂತೆ. ಮೂರನೆಯ ದಿನ ಬ್ಲೇಡು ಹಿಡಿದು ಕೂತು ಅಂಗಡಿಯಲ್ಲಿದ್ದ ಅಷ್ಟೂ ಕಾದಂಬರಿಗಳ ಕೊನೆಯ ಎರಡೆರಡು ಹಾಳೆ ಕೊಯ್ದುಬಿಟ್ಟರು. ಅವಕ್ಕೆ ನಂಬರು ಹಾಕಿ, ದಾರ ಕಟ್ಟಿ, ಒಂದು ದೊಡ್ಡ ತಗಡಿನ ಡಬ್ಬಿಯಲ್ಲಿಟ್ಟರು. ಅಂದಿನಿಂದ ಅಂಗಡಿಯ ನಿಯಮ ಇಷ್ಟೇ. ಪುಸ್ತಕ ಒಯ್ಯಿರಿ, ಓದಿರಿ. ಕೊನೆಗೆ ಏನಾಯಿತು ಅಂತ ಗೊತ್ತಾಗಬೇಕೆಂದರೆ ಪುಸ್ತಕ ವಾಪಸ್ ತಂದುಕೊಡಿ. ಆಗ ಡಬ್ಬಿಯಿಂದ ಕಡೀ ಹಾಳಿ ತೆಗೆದುಕೊಡಲಾಗುವುದು. ಅಂಗಡಿ ಮುಂದಿನ ಉದ್ದನೆಯ ಕಟ್ಟಿಗೆ ಬಾಕಿನ ಮೇಲೆ ಕೂತು ಓದಿ, ಹಾಳಿ ಕೊಟ್ಟು ಹೋಗುವುದು. ಮನೆಗೆ ಒಯ್ಯುವಂತಿಲ್ಲ, ಗಟ್ಟಿಯಾಗಿ ಓದುವಂತಿಲ್ಲ.

ಆಮೇಲೆ ಒಂದು ಪುಸ್ತಕವೂ ಕಳೆಯಲಿಲ್ಲ. ಊರವರು ಅವರಿಗೆ ಕಡೀಹಾಳಿ ಶೆಟ್ಟರು ಎಂದೇ ಹೆಸರಿಟ್ಟರು. ಆ ಬಾಕಿನ ಮೇಲೆ ನಾನು ಎಂಥೆಂಥವರನ್ನು ಕಂಡಿಲ್ಲ! ಯಲಬುರ್ಗಾ ಕಡೆಯ ಗೌಡರೊಬ್ಬರು ಹೊಲದ ಖಟ್ಲೆಗೆ ಬಂದು, ಮೊದಲು ಇಲ್ಲಿ ಕೊಲೆಗಾರನ ಹೆಸರು ತಿಳಿದುಕೊಂಡು ಆಮೇಲೆ ಕೋರ್ಟಿಗೆ ಹೋಗುತ್ತಿದ್ದರು. ಕುಷ್ಟಗಿ ಬಸ್ಸಿನ ಕಂಡಕ್ಟರರೊಬ್ಬರು ಬಸ್ಸನ್ನು ರಸ್ತೆಯಲ್ಲೇ ನಿಲ್ಲಿಸಿ ಬಂದು ಬಾಕಿನ ಮೇಲೆ ಕೂರುತ್ತಿದ್ದರು. ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ. ಕಂಡಕ್ಟರು ತಲೆಯೆತ್ತದೆ "ತಡೀಪಾ, ಈಗ ಗುಹೆದಾಗ ಹೊಕ್ಕಾನ" ಎಂದು ಕೈ ಬೀಸುತ್ತಿದ್ದರು. ಅವರು ಹತ್ತಿದ ಮೇಲೆ ಮುಂದಿನ ಸೀಟಿನ ಜನವೆಲ್ಲ ಏನಾಯಿತೆಂದು ಕೇಳುವುದು, ಅವರು ಕುಷ್ಟಗಿ ಬರುವವರೆಗೆ ಹೇಳುವುದು. ಆ ಬಸ್ಸು ತಡವಾಯಿತೆಂದು ಯಾರೂ ತಕರಾರು ಮಾಡಿದ್ದು ನನಗೆ ನೆನಪಿಲ್ಲ.

ನಮ್ಮ ಕನ್ನಡ ಮಾಸ್ತರರ ಸಂಗತಿ ಹೇಳದಿದ್ದರೆ ತಪ್ಪಾಗುತ್ತದೆ. ಒಂದು ದಿನ ಅವರು ವ್ಯಾಕರಣ ಹೇಳುವಾಗ ನಾನು ಡೆಸ್ಕಿನ ಕೆಳಗೆ ಒಬ್ಬ ಪತ್ತೇದಾರನ ಜೊತೆ ಪಾತಾಳಕ್ಕೆ ಇಳಿಯುತ್ತಿದ್ದೆ. ಕಿವಿ ಹಿಂಡಿಸಿಕೊಂಡೆ. ಪುಸ್ತಕ ಜಪ್ತಿಯಾಯಿತು. ಇಂಥ ಹಾಳು ಪುಸ್ತಕ ಓದಿದವರು ಮುಂದೆ ಏನಾಗುತ್ತಾರೆ ಎಂಬುದನ್ನು ಅರ್ಧ ತಾಸು ಹೇಳಿದರು. ಮೂರು ದಿನ ಕಳೆಯಿತು. ಪುಸ್ತಕ ಕಳೆದಿದೆ ಎಂದು ಶೆಟ್ಟರ ಮುಂದೆ ಒಪ್ಪಿಕೊಳ್ಳಲು ನಾನು ಸಂಜೆ ಅಂಗಡಿಗೆ ಹೋಗಿ ಬಾಕಿನ ತುದಿಯಲ್ಲಿ ಅಳುಮುಖ ಮಾಡಿಕೊಂಡು ಕೂತಿದ್ದೆ. ಅಷ್ಟರಲ್ಲಿ ಮಾಸ್ತರರು ಬಂದರು. ಕಂಕುಳಲ್ಲಿ ಸುದ್ದಿಪತ್ರಿಕೆ, ಪತ್ರಿಕೆಯ ಒಳಗೆ ನನ್ನ ಪುಸ್ತಕ.

"ಬರ್ರಿ ಮಾಸ್ತರ, ಕಡೀ ಹಾಳಿ ಬೇಕೇನ್ರಿ?" ಎಂದರು ಶೆಟ್ಟರು, ಬಜಾರಕ್ಕೆಲ್ಲ ಕೇಳುವಂತೆ.

"ಛೇ ಛೇ, ಈ ಹುಡುಗಂದು ಪುಸ್ತಕ ಮುಟ್ಟಿಸಿ ಹೋಗೂಣಂತ ಬಂದೆ" ಎಂದರು ಮಾಸ್ತರರು. ಹೋಗಲಿಲ್ಲ. ಶೆಟ್ಟರು ಡಬ್ಬಿಯಿಂದ ಹಾಳಿ ತೆಗೆದು ಕೊಟ್ಟರು. ಮಾಸ್ತರರು ನನ್ನ ಪಕ್ಕದಲ್ಲಿ ಕೂತರು. ಇದ್ದದ್ದು ಒಂದೇ ಪ್ರತಿ, ಓದುವವರು ಇಬ್ಬರು. ಪುಟದ ಕೊನೆಗೆ ಬಂದಾಗ ಅವರು ನನ್ನ ಕಡೆ ನೋಡಿ "ಮುಗೀತೇನೋ?" ಎನ್ನುವರು, ನಾನು "ಹ್ಞೂಂ ಸರ್" ಎನ್ನುವೆ, ಅವರು ಹಾಳಿ ತಿರುವುವರು. ಮರುದಿನ ತರಗತಿಯಲ್ಲಿ ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

ಇಷ್ಟೆಲ್ಲ ಹೇಳಿ, ಆ ಪುಸ್ತಕಗಳನ್ನು ತರಿಸುತ್ತಿದ್ದವರು ಯಾರೆಂದು ಹೇಳಲಿಲ್ಲ ನೋಡಿ. ನನ್ನ ಅಕ್ಕ, ಗಿರಿಜಕ್ಕ. ನನಗಿಂತ ಆರು ವರ್ಷ ದೊಡ್ಡವಳು. ನಮ್ಮಪ್ಪನಿಗೆ ಕಿರಾಣಿ ಅಂಗಡಿ. ಆಗೆಲ್ಲ ನಮ್ಮಂಥ ಮನೆಯ ಹುಡುಗಿಯರು ಬಜಾರದಲ್ಲಿ ಗಂಡಸರ ಪಕ್ಕ ಬಾಕಿನ ಮೇಲೆ ಕೂತು ಓದುವುದು ಕನಸಿನ ಮಾತು. ಹಾಗಾಗಿ ಪುಸ್ತಕ ತರುವವನು ನಾನು, ಓದುವವಳು ಅವಳು. ಅದೂ ಹೇಗೆ ಓದುತ್ತಿದ್ದಳು ಅಂತೀರಿ! ರೊಟ್ಟಿ ಬಡಿಯುತ್ತ. ಪುಸ್ತಕವನ್ನು ಹಿಟ್ಟಿನ ಡಬ್ಬಿಗೆ ಆನಿಸಿ ಇಟ್ಟುಕೊಂಡು, ಕಣ್ಣು ಅಲ್ಲಿ, ಕೈ ಇಲ್ಲಿ. ಕೈಗೆಲ್ಲ ಜೋಳದ ಹಿಟ್ಟು, ಹಾಳೆ ತಿರುವುವಂತಿಲ್ಲ. ಅದು ನನ್ನ ಕೆಲಸ. ಅವಳು "ಹ್ಞೂಂ" ಎಂದಾಗ ನಾನು ತಿರುವಬೇಕು. ಅವಳಿಗಿಂತ ನಿಧಾನವಾಗಿ ಓದುತ್ತಿದ್ದ ನಾನು "ತಡಿ ಯಕ್ಕಾ, ಇನ್ನ ಮೂರು ಸಾಲು ಅದಾವ" ಎಂದು ಗೋಗರೆಯುತ್ತಿದ್ದೆ. ಕಥೆ ಬಿರುಸಾದಾಗ ರೊಟ್ಟಿ ಹೊತ್ತುತ್ತಿದ್ದವು. ಅಪ್ಪ ಊಟಕ್ಕೆ ಕೂತು ಕರಕಾದ ರೊಟ್ಟಿ ತಿರುವಿ ನೋಡಿ, "ಗಿರಿಜಾ, ಈ ವಾರದಾಗ ಇದು ಮೂರನೇ ಸಲ ನೋಡವ್ವ" ಎನ್ನುತ್ತಿದ್ದ. ಅವ್ವ ಒಲೆಯ ಮೇಲೆ, ಕಟ್ಟಿಗೆಯ ಮೇಲೆ ತಪ್ಪು ಹೊರಿಸುತ್ತಿದ್ದಳು. ಗುಹೆಯಲ್ಲಿ ಸಿಕ್ಕಿಬಿದ್ದವನ ಮೇಲೆ ಯಾರಿಗೂ ಸಂಶಯ ಬರಲಿಲ್ಲ.

ಪುಸ್ತಕ ಮುಗಿದ ದಿನ ನಾನು ಓಡಬೇಕು. ಬಾಕಿನ ಮೇಲೆ ಕೂತು ಕಡೀ ಹಾಳಿ ಓದಿ, ಅದನ್ನು ತಲೆಯಲ್ಲಿಟ್ಟುಕೊಂಡು, ದಾರಿಯಲ್ಲಿ ಯಾರ ಜೊತೆಗೂ ಮಾತಾಡದೆ ಮನೆಗೆ ತಂದು ಅಕ್ಕನಿಗೆ ಒಪ್ಪಿಸಬೇಕು. ಅವಳು ಹಿತ್ತಲ ಕಲ್ಲಿನ ಮೇಲೆ ಗದ್ದಕ್ಕೆ ಕೈಕೊಟ್ಟು ಕೂತು ಕೇಳುತ್ತಿದ್ದಳು. ಹೇಳಿ ಮುಗಿಸಿದರೆ ಒಂದು ಶೇಂಗಾ ಉಂಡಿ.

ಮೊದಲ ಸುಳ್ಳು ಆ ಉಂಡಿಯ ಸಲುವಾಗಿ ಹೇಳಿದ್ದು. ಒಂದು ಸಂಜೆ ಹೋದರೆ ಅಂಗಡಿಯ ಬಾಗಿಲು ಹಾಕಿತ್ತು. ಶೆಟ್ಟರು ಯಾರದೋ ಲಗ್ನಕ್ಕೆ ಕಾರಟಗಿಗೆ ಹೋಗಿದ್ದರು. ಬರಿಗೈಲಿ ಮನೆಗೆ ಹೋದರೆ ಉಂಡಿ ಇಲ್ಲ. ದಾರಿಯಲ್ಲಿ ನಾನೇ ಒಂದು ಕೊನೆ ಕಟ್ಟಿದೆ. ಅರಮನೆಯ ವಜ್ರ ಕದ್ದವನೆಂದು ಎಲ್ಲರೂ ಸಂಶಯಪಡುತ್ತಿದ್ದ ಮುದುಕನ ಬಗ್ಗೆ ನನಗೆ ಮೊದಲಿಂದಲೂ ಕನಿಕರವಿತ್ತು, ಅವನನ್ನು ಬಿಡಿಸಿದೆ. ಅಕ್ಕ ಕಣ್ಣೊರೆಸಿಕೊಂಡು ಎರಡು ಉಂಡಿ ಕೊಟ್ಟಳು. ಎರಡು ದಿನ ಬಿಟ್ಟು ಹೋಗಿ ನಿಜವಾದ ಹಾಳಿ ಓದಿದರೆ, ಕದ್ದವನು ಅದೇ ಮುದುಕ. ಈಗ ಹೇಳಿ, ಉಂಡಿ ತಿಂದಾಗಿದೆ, ನಾನೇನು ಮಾಡಲಿ?

ಒಮ್ಮೆ ರುಚಿ ಹತ್ತಿದರೆ ಬಿಡುವುದು ಕಷ್ಟ. ಅದೂ ಅಲ್ಲದೆ, ನಿಜವಾದ ಕೊನೆಗಳು ಎಷ್ಟೋ ಸಲ ಸಪ್ಪೆಯಾಗಿರುತ್ತಿದ್ದವು. ಬರೆಯುವವರಿಗೆ ಕಾಗದ ಮುಗಿಯುತ್ತಿತ್ತೋ ಏನೋ, ನೂರಾ ಐವತ್ತು ಪುಟ ಬೆನ್ನಟ್ಟಿದ ಕಳ್ಳ ಆರೇ ಸಾಲಿನಲ್ಲಿ ತಪ್ಪೊಪ್ಪಿಕೊಂಡು ಕೈ ಮುಂದೆ ಚಾಚುತ್ತಿದ್ದ. ನಾನು ಅವನ್ನು ರಿಪೇರಿ ಮಾಡತೊಡಗಿದೆ. ನಾನು ಸಮುದ್ರ ಕಂಡವನಲ್ಲ. ಕಂಡ ದೊಡ್ಡ ನೀರೆಂದರೆ ತುಂಗಭದ್ರಾ ಡ್ಯಾಮಿನ ನೀರು ಮತ್ತು ಗಂಗಾವತಿಯ ಸೋದರಮಾವನ ಊರಿನ ಕಾಲುವೆ. ಹಾಗಾಗಿ ನನ್ನ ಸಮುದ್ರಗಳಿಗೆಲ್ಲ ಎರಡೂ ಕಡೆ ದಂಡೆಯಿರುತ್ತಿತ್ತು, ದಂಡೆಯ ಮೇಲೆ ಭತ್ತದ ಗದ್ದೆ ಇರುತ್ತಿತ್ತು, ಹಡಗು ನಿಂತಲ್ಲೆಲ್ಲ ಮಂಡಕ್ಕಿ ಮಿರ್ಚಿ ಸಿಗುತ್ತಿತ್ತು. ಅಕ್ಕ ಒಂದು ದಿನವೂ ಅದು ಹೇಗೆ ಎಂದು ಕೇಳಲಿಲ್ಲ. ಆಮೇಲೆ ನಾನು ಬೆಳೆದು, ಹೈಸ್ಕೂಲು ಮಾಸ್ತರನಾಗಿ, ಐದಾರು ಕಥಾಸಂಕಲನ ತಂದೆ. ಹೆಚ್ಚಿನ ಪ್ರತಿಗಳು ನಮ್ಮ ಅಟ್ಟದ ಮೇಲೆ ಸುರಕ್ಷಿತವಾಗಿವೆ. ವಿಮರ್ಶಕರೊಬ್ಬರು 'ಇವರಿಗೆ ಕಥೆ ಮುಗಿಸಲು ಬರುವುದಿಲ್ಲ' ಎಂದು ಬರೆದಾಗ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಅಕ್ಕನಿಗೆ ನಾನು ತಂದುಕೊಟ್ಟ ಕಡೆಯ ಕಡೀ ಹಾಳಿ 'ಹಸಿರು ಕಣ್ಣಿನ ಹಡಗು' ಎಂಬ ಕಾದಂಬರಿಯದು. ಅದರಲ್ಲಿ ಮಂದಾಕಿನಿ ಎಂಬ ಧೈರ್ಯದ ಹುಡುಗಿ. ಕ್ಯಾಪ್ಟನ್ ಉಗ್ರಸೇನ ಗಾಯಗೊಂಡು ಬಿದ್ದಾಗ, ಬಿರುಗಾಳಿಯಲ್ಲಿ ಹಡಗಿನ ಚುಕ್ಕಾಣಿ ಹಿಡಿದು ನಿಲ್ಲುವವಳು ಅವಳೇ. ದೊಡ್ಡದೊಂದು ಅಲೆ ಎದ್ದು ಬರುವಲ್ಲಿಗೆ ಶೆಟ್ಟರು ಬ್ಲೇಡು ಹಾಕಿದ್ದರು. ಅಕ್ಕ ಅಲ್ಲಿಯವರೆಗೆ ಓದಿ ಮುಗಿಸಿದ್ದು ತನ್ನ ಲಗ್ನದ ಹಿಂದಿನ ದಿನ. ಮನೆ ತುಂಬ ಬೀಗರು. ನಾನು ಓಡಿಹೋಗಿ ಹಾಳಿ ಓದಿದೆ. ಮಂದಾಕಿನಿ ಅಲೆಗೆ ಸಿಕ್ಕು ನೀರುಪಾಲಾಗುತ್ತಾಳೆ. ಉಗ್ರಸೇನ ಎಚ್ಚರಗೊಂಡು, ಒಂದು ಹನಿ ಕಣ್ಣೀರು ಹಾಕಿ, ಗವರ್ನರರ ಮಗಳನ್ನು ಮದುವೆಯಾಗುತ್ತಾನೆ. ಮುಕ್ತಾಯ.

ತಿರುಗಿ ಬಂದಾಗ ಅಕ್ಕನನ್ನು ಮಣೆಯ ಮೇಲೆ ಕೂರಿಸಿ ಅರಿಶಿಣ ಹಚ್ಚುತ್ತಿದ್ದರು. ಅಷ್ಟು ಹೆಂಗಸರ ನಡುವೆ ಅವಳು ನನ್ನನ್ನೇ ಹುಡುಕುತ್ತಿದ್ದಳು. ಕಣ್ಣಿನಲ್ಲೇ ಕರೆದಳು. ಹತ್ತಿರ ಹೋದೆ. "ಮಂದಾಕಿನಿ ಏನಾದ್ಲೋ?" ಎಂದು ಪಿಸುಗುಟ್ಟಿದಳು. ನಾಡಿದ್ದು ಅವಳು ಹನುಮಸಾಗರಕ್ಕೆ ಹೋಗುವವಳು. ಆ ಊರನ್ನು ಅವಳು ಕಂಡಿರಲಿಲ್ಲ, ಆ ಮನೆಯವರಲ್ಲಿ ಯಾರ ಪರಿಚಯವೂ ಇರಲಿಲ್ಲ. ಆ ಹಳದಿ ಮುಖ ನೋಡಿ, ಮುಳುಗಿದಳು ಎನ್ನುವ ಮಾತು ನನ್ನ ಬಾಯಿಂದ ಹೊರಡಲಿಲ್ಲ. ಹನ್ನೆರಡು ವರ್ಷದ ನಾನು ಅಲ್ಲಿಯೇ, ಅರಿಶಿಣದ ಬಟ್ಟಲಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, ಮಂದಾಕಿನಿಯನ್ನು ದಂಡೆಗೆ ತಂದೆ.

ಇದೆಲ್ಲ ಆಗಿ ನಲವತ್ತೆಂಟು ವರ್ಷ. ನಾನು ಮರೆತೇಬಿಟ್ಟಿದ್ದೆ. ಹೋದ ತಿಂಗಳು ಅಕ್ಕನ ಫೋನು ಬಂತು.

"ಏ ಶರಣೂ, ಸಿಕ್ಕೈತಿ ನೋಡೋ! ಹಸಿರು ಕಣ್ಣಿನ ಹಡಗು! ನಮ್ಮ ಸುಧಾ ಗಂಗಾವತಿಯೊಳಗ ಹಳೇ ಪುಸ್ತಕದ ಗಾಡಿ ಮ್ಯಾಲೆ ನೋಡಿ ತಂದಾಳ. ಕಡೀ ಹಾಳೀನೂ ಅದಾವ!"

ಸುಧಾ ಎಂದರೆ ಅಕ್ಕನ ಸೊಸೆ, ಕುಷ್ಟಗಿಯಲ್ಲಿ ಟೀಚರು. ನಾನು ಖುಷಿಯಾದವನಂತೆ ದನಿ ಮಾಡಿ, "ಭಾಳ ಛಲೋ ಆತು. ಓದಿದೇನು?" ಎಂದೆ.

"ಎಲ್ಲೀದೋ! ಈಗ ಕೈಗೆ ಬಂದೈತಿ. ಮಧ್ಯಾಹ್ನ ಬೀಜದ ಶೇಂಗಾ ಒಡ್ಯಾಕ ಓಣ್ಯಾಗಿನವ್ರು ಬರತಾರಲ್ಲ, ಅವ್ರ ಮುಂದ ನಾಳಿಂದ ದಿನಾ ಇಷ್ಟಿಷ್ಟ ಓದತೀನಿ."

ಫೋನು ಇಟ್ಟು ಲೆಕ್ಕ ಹಾಕಿದೆ. ಅಂಥ ಪುಸ್ತಕ ನೂರಾ ಅರವತ್ತು ಪುಟ. ಶೇಂಗಾ ಒಡೆಯುತ್ತ, ನಡುನಡುವೆ ಓಣಿಯ ಸುದ್ದಿ ಮಾತಾಡುತ್ತ ಓದಿದರೆ ದಿನಕ್ಕೆ ನಲವತ್ತು. ನಾಲ್ಕನೆಯ ದಿನ ಮಂದಾಕಿನಿ ಮುಳುಗುತ್ತಾಳೆ. ಅವಳ ಹಿಂದೆ ನಾನೂ ಮುಳುಗುತ್ತೇನೆ. ನಗಬೇಡಿ. ಪುಸ್ತಕ ಮೆಚ್ಚದ ಓದುಗರು ನನಗೆ ಬೇಕಾದಷ್ಟು ಜನ ಇದ್ದಾರೆ, ಅದು ಅಭ್ಯಾಸವಾಗಿದೆ. ಆದರೆ ನಾನು ಹೇಳಿದ್ದನ್ನು ಬಾಯಿಬಿಟ್ಟು ಕೇಳಿ ನಂಬಿದವಳು ಪ್ರಪಂಚದಲ್ಲಿ ಒಬ್ಬಳೇ. ಅವಳ ಕಣ್ಣಿನಲ್ಲಿ ಸುಳ್ಳುಗಾರನಾಗುವುದನ್ನು ನೆನೆದು ನನಗೆ ಎರಡು ದಿನ ಅನ್ನ ಸೇರಲಿಲ್ಲ.

ಮೂರನೆಯ ದಿನ ನಿರ್ಧಾರ ಮಾಡಿದೆ. ಸಾಹಸ ಕಾದಂಬರಿಗಳನ್ನು ಇಷ್ಟು ವರ್ಷ ಓದಿದ್ದು ವ್ಯರ್ಥವಾಗಬಾರದು. ಹೆಂಡತಿಗೆ ಅಕ್ಕನ ಆರೋಗ್ಯ ವಿಚಾರಿಸಲು ಹೊರಟಿದ್ದೇನೆ ಎಂದು ಹೇಳಿ, ಗಡ್ಡದ ಸಾಮಾನಿನ ಡಬ್ಬಿಯಿಂದ ಹೊಸ ಬ್ಲೇಡೊಂದನ್ನು ತೆಗೆದು ಕಾಗದದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡೆ. ಕುಷ್ಟಗಿಯಲ್ಲಿ ಬಸ್ಸು ಬದಲಿಸಿ ಹನುಮಸಾಗರ ಮುಟ್ಟಿದಾಗ ಹನ್ನೊಂದು ಗಂಟೆ. ಮಾಮಾ, ಅಂದರೆ ಅಕ್ಕನ ಗಂಡ, ಹೊಲಕ್ಕೆ ಹೋಗಿದ್ದರು, ಸುಧಾ ಶಾಲೆಗೆ. ಅಕ್ಕ ಒಳಗೆ ರೊಟ್ಟಿ ಬಡಿಯುತ್ತಿದ್ದ ಸಪ್ಪಳ ಬರುತ್ತಿತ್ತು. ಪಡಸಾಲೆಯ ಗೋಡೆಯ ಗೂಡಿನಲ್ಲಿ, ದೇವರ ಫೋಟೋದ ಪಕ್ಕ, ಪುಸ್ತಕ ಇತ್ತು.

ಚಪ್ಪಲಿ ಬಿಟ್ಟು, ಉಸಿರು ಬಿಗಿಹಿಡಿದು, ತುದಿಗಾಲಿನ ಮೇಲೆ ನಡೆದೆ. ಕಾದಂಬರಿಗಳಲ್ಲಿ ಹೀಗೆ ನಡೆಯುವವರಿಗೆ ಮೊಣಕಾಲು ನೋವು ಇರುವುದಿಲ್ಲ. ನನ್ನ ಎಡಮೊಣಕಾಲು ಕಟಕ್ಕೆಂದಿತು. ನಿಂತೆ. ರೊಟ್ಟಿಯ ಸಪ್ಪಳ ನಡೆದೇ ಇತ್ತು. ಪುಸ್ತಕ ತೆಗೆದು, ಜೇಬಿನಿಂದ ಬ್ಲೇಡು ಹೊರತೆಗೆದು, ಹಿಂದಿನಿಂದ ತೆರೆದೆ.

ಕಡೀ ಹಾಳಿ ಇರಲಿಲ್ಲ. ಎರಡೂ ಹಾಳಿಗಳನ್ನು ಯಾರೋ ನೀಟಾಗಿ ಕೊಯ್ದಿದ್ದರು.

ರೊಟ್ಟಿಯ ಸಪ್ಪಳ ನಿಂತಿತು. "ಇವನ್ನ ಹುಡುಕಾಕತ್ತಿಯೇನೋ?"

ತಿರುಗಿ ನೋಡಿದರೆ ಬಾಗಿಲಲ್ಲಿ ಅಕ್ಕ. ಒಂದು ಕೈ ತುಂಬ ಹಿಟ್ಟು, ಇನ್ನೊಂದು ಕೈಯಲ್ಲಿ ಆ ಎರಡು ಹಾಳಿ. ನನ್ನ ಕೈಯಲ್ಲಿ ಬ್ಲೇಡು. ಅರವತ್ತರ ತಮ್ಮನನ್ನು ಇಂಥ ಸ್ಥಿತಿಯಲ್ಲಿ ಹಿಡಿದ ಅಕ್ಕಂದಿರು ಹೆಚ್ಚು ಜನ ಇರಲಾರರು.

"ಕೂಡು" ಎಂದಳು. ಕೂತೆ.

"ಫೋನ್ ಇಟ್ಟ ಕೂಡ್ಲೇ ಮೊದಲ ಕಡೀ ಹಾಳಿನ ತಗದೆ ನೋಡು. ನೀ ಹೇಳಿದ್ದನ್ನ ಒಂದ್ಸಲ ಅಚ್ಚಿನಾಗ ನೋಡೂಣು ಅಂತ ಆಸೆ ಇತ್ತು." ಹಾಳಿಗಳನ್ನು ನನ್ನ ಮುಂದೆ ಹಿಡಿದಳು. "ಮಂದಾಕಿನಿ ಮುಳುಗಿದ್ದು ನಿನಗ ಅವತ್ತ ಗೊತ್ತಿತ್ತೇನು?"

"ಗೊತ್ತಿತ್ತು ಯಕ್ಕಾ."

"ಮತ್ತ ಯಾಕ ಹಂಗ ಹೇಳಿದಿ?"

"ನಿನಗ ಅರಿಶಿಣ ಹಚ್ಚಾಕತ್ತಿದ್ರು. ನನಗ ಹೇಳಾಕ ಆಗಲಿಲ್ಲ."

ಅವಳು ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಳ್ಳುತ್ತ ನನ್ನನ್ನೇ ನೋಡಿದಳು. ನಾನು ಪಾರಾದೆ ಅಂದುಕೊಂಡೆ. ಅಷ್ಟರಲ್ಲಿ ಇನ್ನೊಂದು ಪ್ರಶ್ನೆ ಬಂತು. "ಉಳಿದ ಪುಸ್ತಕ?"

"ಯಾವ ಪುಸ್ತಕ?"

"ಸುಮ್ನ ಕೇಳಬ್ಯಾಡ. ವಜ್ರ ಕದ್ದ ಮುದುಕ?"

"ಅವನೇ ಕದ್ದಿದ್ದ."

"ಅಯ್ಯ! ನಾ ಅವನ ಸಲುವಾಗಿ ಅತ್ತೀನಲ್ಲೋ! ಎಷ್ಟು ಸುಳ್ಳು ಹೇಳೀದಿ ಒಟ್ಟು?"

"ಅರ್ಧಕ್ಕರ್ಧ ಇರಬೇಕು" ಎಂದೆ. ಸ್ವಲ್ಪ ಕಡಿಮೆ ಮಾಡಿಯೇ ಹೇಳಿದೆ. ಅವಳಿಗೆ ಸಿಟ್ಟು ಬಂದಿತ್ತು, ನಿಜವಾದ ಸಿಟ್ಟು. "ನಾ ನಂಬಿ ಉಂಡಿ ಕೊಟ್ಟೆ ನಿನಗ" ಎಂದಳು. ನನಗೆ ತಲೆಯೆತ್ತಲು ಆಗಲಿಲ್ಲ. ಬ್ಲೇಡನ್ನು ಮತ್ತೆ ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿದೆ.

ಆಮೇಲೆ ಅವಳು ನನ್ನ ಪಕ್ಕ ಬಂದು ಕೂತು ಹೇಳಿದ ಮಾತು ನನಗೆ ಗೊತ್ತಿರಲಿಲ್ಲ. ಲಗ್ನವಾಗಿ ಬಂದ ಹೊಸದರಲ್ಲಿ ಈ ಮನೆಯಲ್ಲಿ ಯಾರೂ ಅವಳ ಜೊತೆ ಮಾತಾಡುತ್ತಿರಲಿಲ್ಲವಂತೆ. ಕೊಪ್ಪಳದ ಅಂಗಡಿಯವರ ಮಗಳು, ಹೊಲದ ಕೆಲಸ ಗೊತ್ತಿಲ್ಲ ಎಂದು ಮನೆಯ ಉಳಿದ ಸೊಸೆಯರು, ಇವಳ ನೆಗೆಣ್ಣಿಯರು, ತಮ್ಮತಮ್ಮಲ್ಲೇ ನಗುತ್ತಿದ್ದರಂತೆ. ಒಂದು ಮಧ್ಯಾಹ್ನ ಶೇಂಗಾ ಒಡೆಯುವಾಗ ಇವಳು ತನ್ನಷ್ಟಕ್ಕೆ ತಾನು ಮಂದಾಕಿನಿಯ ಕಥೆ ಶುರು ಮಾಡಿದಳು. ಮೊದಲು ಹಿರಿಯ ನೆಗೆಣ್ಣಿ ಹತ್ತಿರ ಸರಿದಳು. ಆಮೇಲೆ ಅತ್ತೆ ಒಳಗಿನಿಂದ "ಸ್ವಲ್ಪ ಗಟ್ಟಿ ಹೇಳಬೇ" ಎಂದಳು. ಅಲ್ಲಿಂದ ಪ್ರತಿವರ್ಷ ಶೇಂಗಾ ಒಡೆಯುವ ದಿನಗಳಲ್ಲಿ ಓಣಿಯ ಹೆಂಗಸರು ಆ ಕಥೆ ಹೇಳಿಸಿಕೊಳ್ಳದೆ ಬಿಟ್ಟಿಲ್ಲ.

"ಇದು ಪುಸ್ತಕದಾಗ ಐತಿ ಅಂತ ನಾ ನಲವತ್ತೆಂಟು ವರ್ಷ ಹೇಳಿಕೋತ ಬಂದೀನಿ. ಈಗ ಪುಸ್ತಕ ಬಂದೈತಿ. ನಾಳಿ ಕಡೀ ಹಾಳಿ ಓದಬೇಕು. ಎಲ್ಲಾರೂ ಬಂದು ಕುಂದರತಾರ. ಅಕಿ ನೀರಾಗ ಹೋದ್ಲು, ಅವ ಮತ್ತೊಬ್ಬಾಕಿನ್ನ ಮಾಡ್ಕೊಂಡ ಅಂತ ನಾ ಹೆಂಗ ಓದಲಿ? ನನ್ನ ಮಾತಿಗೇನು ಕಿಮ್ಮತ್ತು ಉಳೀತು?" ಅವಳ ದನಿ ಒಡೆಯಿತು. ಆಗ ನನಗೆ ತಿಳಿಯಿತು, ಎರಡು ದಿನದಿಂದ ಅನ್ನ ಸೇರದಿದ್ದದ್ದು ನನಗೊಬ್ಬನಿಗೇ ಅಲ್ಲ.

"ಬಾಯಿಲೆ ಹೇಳಿಬಿಡು ಯಕ್ಕಾ" ಎಂದೆ.

"ಓಣ್ಯಾಗಿನ ಗಂಗವ್ವ ಈಗ ಓದಾಕ ಕಲತಾಳಪಾ. ಬಗ್ಗಿ ಬಗ್ಗಿ ನೋಡತಾಳ." ಅಕ್ಕ ಎದ್ದು, ಮೊಮ್ಮಗಳ ನೋಟುಬುಕ್ಕಿನಿಂದ ಎರಡು ಹಾಳೆ ಕಿತ್ತು, ಪೆನ್ನು ತಂದು ನನ್ನ ಮುಂದಿಟ್ಟಳು. "ಕಡೀ ಹಾಳಿ ಹರದು ಹೋಗಿದ್ವು, ನಮ್ಮ ತಮ್ಮ ಕೊಪ್ಪಳದಾಗ ಬ್ಯಾರೆ ಪುಸ್ತಕ ನೋಡಿ ಬರಕೊಂಡು ಬಂದಾನ ಅಂತ ಹೇಳತೀನಿ. ಬರಿ."

ಅಕ್ಕ ಸುಳ್ಳು ಹೇಳಲು ತಯಾರಾದದ್ದನ್ನು ನಾನು ಮೊದಲ ಸಲ ಕಂಡೆ. ಎಷ್ಟು ಸಲೀಸಾಗಿ ಬಂತು ಅಂತೀರಿ, ಮನೆತನದ ಗುಣ ಇರಬೇಕು.

ಪೆನ್ನು ಹಿಡಿದೆ. ಏನೂ ನೆನಪಿರಲಿಲ್ಲ. ಅಷ್ಟು ವರ್ಷಗಳ ಹಿಂದೆ ಅರಿಶಿಣದ ಬಟ್ಟಲಿನ ಪಕ್ಕ ಕೂತು ಹೇಳಿದ್ದು! ಆದರೂ ಬರೆಯುವುದು ನನ್ನ ಕಸುಬಲ್ಲವೇ? ಗಂಟಲು ಸರಿಮಾಡಿಕೊಂಡು ಶುರುಮಾಡಿದೆ. "ದಿಗಂತದಲ್ಲಿ ಸೂರ್ಯ ಕೆಂಪಾಗಿ ಉದಯಿಸುತ್ತಿದ್ದ..."

"ಸೂರ್ಯ ಎಲ್ಲಿಂದ ಬಂದ?" ಎಂದಳು ಅಕ್ಕ. "ಧೋ ಅಂತ ಮಳಿ ಹೊಡ್ಯಾಕತ್ತಿತ್ತು. ಸೂರ್ಯನ ಸುದ್ದಿನ ನೀ ತಗದಿಲ್ಲ. ಹೊಡದು ಹಾಕು ಅದನ್ನ."

ಹೊಡೆದು ಹಾಕಿದೆ. ಅವಳು ಗೋಡೆಗೆ ಒರಗಿ ಕಣ್ಣು ಮುಚ್ಚಿ ಹೇಳುತ್ತ ಹೋದಳು. ನಾನು ಬರೆದುಕೊಳ್ಳುತ್ತ ಹೋದೆ. ಒಂದು ಮಾತಿಗೂ ಅವಳು ತಡವರಿಸಲಿಲ್ಲ. ಅಲೆ ಬಂದದ್ದು, ಮಂದಾಕಿನಿ ಕಂದೀಲನ್ನು ಹಲ್ಲಿನಲ್ಲಿ ಕಚ್ಚಿ ಈಜಿದ್ದು, ಒಂದು ಕೈಯಲ್ಲಿ ಹಗ್ಗ ಹಿಡಿದು ಹಡಗನ್ನೇ ಎಳೆದು ತಂದದ್ದು, ದಂಡೆಯ ಜನ ಯಾರು ನೀನು, ಯಾವ ಊರವಳು ಎಂದು ಕೇಳಿದ್ದು. ಹನ್ನೆರಡರ ಹುಡುಗನ ಮಾತುಗಳು. ಒಂದೊಂದು ಕಡೆ ನಾಚಿಕೆಯಾಗುತ್ತಿತ್ತು. ಒಂದೊಂದು ಕಡೆ, ಈಗ ನನ್ನಿಂದ ಹೀಗೆ ಬರೆಯಲು ಆಗುವುದಿಲ್ಲವಲ್ಲ ಅನ್ನಿಸುತ್ತಿತ್ತು.

"ಮಂದಾಕಿನಿ ತೊಯ್ದ ಸೀರಿ ಹಿಂಡಿ, ದಂಡಿ ಮ್ಯಾಲೆ ನಿಂತು, ನಾ ಇನ್ನ ಇಲ್ಲಿಯಾಕಿನ, ಮೊದಲ ಎಲ್ಲಾರಿಗೂ ಚಹಾ ಮಾಡ್ರಿ ಅಂದ್ಲು" ಎಂದಳು ಅಕ್ಕ.

ಹಡಗಿನ ಸಾಹಸ ಕಥೆಯಲ್ಲಿ ಚಹಾ! ನಾನು ಮೆಲ್ಲಗೆ 'ಬಿಸಿ ಪಾನೀಯ' ಎಂದು ಬರೆದೆ.

ಅಕ್ಕ ಕಣ್ಣು ತೆರೆದು ಹಾಳೆಯಲ್ಲಿ ಬಗ್ಗಿ ನೋಡಿದಳು. "ಚಹಾ ಅಂದಿದ್ದಿ. ಚಹಾನ ಬರಿ" ಎಂದಳು.

ಮರುದಿನ ಮಧ್ಯಾಹ್ನ ಅಂಗಳದ ಬೇವಿನ ನೆರಳಿಗೆ ಹದಿನೈದು ಹೆಂಗಸರು ಬಂದು ಕೂತರು. ಮುಂದೆ ಶೇಂಗಾದ ರಾಶಿ. ಅಕ್ಕ ಕನ್ನಡಕ ಹಾಕಿಕೊಂಡು ಉಳಿದ ಪುಟಗಳನ್ನು ಓದಿ, ನನ್ನ ಅಕ್ಷರದ ಹಾಳೆಗಳಿಗೆ ಬಂದಳು. ಹರಿದ ಹಾಳಿಯ ಸಮಾಚಾರ ಹೇಳಿ ನನ್ನ ಕಡೆ ಕೈ ತೋರಿಸಿದಳು. ಗಂಗವ್ವ ಬಗ್ಗಿ ನೋಡಿ, ತುಟಿ ಅಲ್ಲಾಡಿಸುತ್ತ ಒಂದು ಸಾಲು ಓದಿ, ಸರಿ ಎಂದು ತಲೆಯಾಡಿಸಿದಳು. ನಾನು ಕಂಬದ ಪಕ್ಕ ಕುರ್ಚಿಯಲ್ಲಿ ಕೂತು ಬೆವರುತ್ತಿದ್ದೆ. ಅಲೆ ಎದ್ದಿತು. ಶೇಂಗಾ ಒಡೆಯುವ ಕೈಗಳು ನಿಂತವು. ಕಂದೀಲು ಬಂತು, ಹಗ್ಗ ಬಂತು. ದಂಡೆಯ ಜನ ಯಾರು ನೀನು ಎಂದು ಕೇಳಿದರು. ಅಕ್ಕ ಅಲ್ಲಿ ಓದುವುದನ್ನು ನಿಲ್ಲಿಸಿ ಕನ್ನಡಕದ ಮೇಲಿಂದ ಎಲ್ಲರನ್ನೂ ನೋಡಿದಳು. ಹದಿನೈದೂ ಜನ ಒಂದೇ ದನಿಯಲ್ಲಿ, ನಾ ಇನ್ನ ಇಲ್ಲಿಯಾಕಿನ, ಮೊದಲ ಎಲ್ಲಾರಿಗೂ ಚಹಾ ಮಾಡ್ರಿ ಎಂದರು, ಎಂದು ನಕ್ಕರು. ನನಗೆ ಕಣ್ಣು ತುಂಬಿ ಬಂತು. ನಾನು ಬರೆದ ಒಂದು ಸಾಲು ಇನ್ನೊಬ್ಬರ ಬಾಯಲ್ಲಿ ಕೇಳಿದ್ದು ಅದೇ ಮೊದಲು.

ಹೊರಡಲು ಎದ್ದಾಗ ಗಂಗವ್ವ ಸೆರಗು ಸರಿಮಾಡಿಕೊಳ್ಳುತ್ತ ನನ್ನ ಹತ್ತಿರ ಬಂದಳು.

"ಅಣ್ಣಾರ, ನಿಮ್ಮ ಅಕ್ಷರ ಭಾಳ ಛಂದ ಅದಾವ್ರಿ. ನೀವೂ ಕಥಿ ಬರೀತೀರಂತಲ್ಲ?"

"ಹೌದವ್ವ, ಏನೋ ಇಷ್ಟು ಬರೀತೀನಿ" ಎಂದೆ.

"ಹಂಗಾದ್ರ ಇಂಥಾದ್ದೊಂದು ಬರೀರಲ್ಲ" ಎಂದಳು.

ನಾನು ಅಕ್ಕನ ಕಡೆ ನೋಡಿದೆ. ಅವಳು ಆ ಎರಡು ಹಾಳೆಗಳನ್ನು ಪುಸ್ತಕದ ಕೊನೆಗೆ ದಬ್ಬಳ ಹಾಕಿ ಹೊಲಿಯುತ್ತಿದ್ದಳು. ತಲೆಯೆತ್ತಲಿಲ್ಲ.

"ಬರೀತಾನ ತಡೀರಿ" ಎಂದಳು. "ಇನ್ನಾ ಕಲ್ಯಾಕತ್ತಾನ."